ಬಲಗಡೆಯ ಬಡಿತ

ನನ್ನ ಕೋಪ ಇನ್ನೂ ಇಳಿದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾಯಿತು, ಮರೆತುಬಿಡು, ಮಗಳು ಬದುಕಿ ಬಾಳುತ್ತಿದ್ದಾಳಲ್ಲ ಎಂದು ನನಗೆ ಬುದ್ಧಿ ಹೇಳುವವರಿಗೇನೂ ಬರವಿಲ್ಲ. ಬದುಕಿದ್ದಾಳೆ, ನಿಜ. ಅದಕ್ಕೆ ಯಾರಿಗೆ ಕೈಮುಗಿಯಬೇಕೋ ಅವರಿಗೆ ಮುಗಿದಿದ್ದೇನೆ. ಮುಗಿದ ಕೈ ಬೇರೆ, ಹೊಟ್ಟೆಯ ಉರಿ ಬೇರೆ. ಒಂದನ್ನು ತೋರಿಸಿ ಇನ್ನೊಂದನ್ನು ಆರಿಸಲು ಬರುವವರನ್ನು ಕಂಡರೆ ನನಗೆ ಇನ್ನಷ್ಟು ರೇಗುತ್ತದೆ.

ಅರವತ್ತರ ದಶಕದ ನಡುವಿನಲ್ಲಿ ನಮ್ಮವರಿಗೆ ಮೈಸೂರಿನಿಂದ ಕೊಚ್ಚಿಗೆ ವರ್ಗವಾಯಿತು. ಬ್ಯಾಂಕಿನ ಕೆಲಸ. ಪಾಲಾರಿವಟ್ಟಂನಲ್ಲಿ ಒಂದು ಬಾಡಿಗೆ ಮನೆ ಹಿಡಿದೆವು. ಆಗ ಅಲ್ಲಿ ಮನೆಯ ಹಿಂದೆ ಗದ್ದೆ, ಮುಂದೆ ಮಣ್ಣಿನ ರಸ್ತೆ. ಎಡಪ್ಪಳ್ಳಿ ಕಡೆಯಿಂದ ಬರುವ ಬಸ್ಸಿಗೆ ಕಾದು ನಮ್ಮವರು ಎರ್ನಾಕುಳಂ ಪೇಟೆಗೆ ಹೋಗುತ್ತಿದ್ದರು. ನನಗೆ ಮಲಯಾಳ ಬಾರದು. ಇಂಗ್ಲಿಷು ಓದಿದರೆ ತಿಳಿಯುತ್ತಿತ್ತು, ಕೇಳಿದರೆ ಅಷ್ಟಿಷ್ಟು, ಆಡಲು ನಾಲಿಗೆ ಏಳುತ್ತಿರಲಿಲ್ಲ. ಮಗಳು ಇನ್ನೂ ಕೈಗೂಸು. ಇಡೀ ದಿನ ನಾನು, ಅವಳು, ಕಿಟಕಿಯಾಚೆಯ ತೆಂಗಿನ ಮರ.

ಮಗುವಿಗೆ ಎರೆಯುವುದು ನನ್ನ ದಿನದ ದೊಡ್ಡ ಕೆಲಸ. ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಕಾಲುಗಳ ಮೇಲೆ ಅವಳನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವುದು. ಎದೆಗೆ ಎಣ್ಣೆ ಸವರುವಾಗ ಒಂದು ದಿನ ಕೈ ನಿಂತಿತು. ಎಡಗಡೆ ಅಂಗೈಯಿಟ್ಟರೆ ಬಡಿತ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ. ಬಲಗಡೆ ಇಟ್ಟರೆ ಅಂಗೈಗೆ ಬಂದು ತಾಗುತ್ತಿತ್ತು. ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ. ನಮ್ಮವರು ಆಫೀಸಿನಿಂದ ಬಂದಾಗ ಅವರ ಕೈಹಿಡಿದು ಮಗುವಿನ ಎದೆಯ ಮೇಲೆ ಇಡಿಸಿದೆ.

"ಹೌದಲ್ಲೇ," ಎಂದರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದು ಕೈ ತೆಗೆದರು. "ಮಕ್ಕಳಿಗೆ ಹೀಗೆಲ್ಲ ಇರತ್ತೆ. ಬೆಳೀತಾ ಬೆಳೀತಾ ಸರಿಹೋಗತ್ತೆ ಬಿಡು."

ಅವರೂ ಮುಟ್ಟಿ ನೋಡಿದ್ದರು. ಇದನ್ನು ಓದುವವರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನನಗೊಬ್ಬಳಿಗೇ ಗೊತ್ತಿದ್ದ ವಿಷಯ ಅದಾಗಿರಲಿಲ್ಲ.

ಮಗಳಿಗೆ ನಡೆಯಲು ಬಂದ ಮೇಲೆ ಕೆಮ್ಮು ಶುರುವಾಯಿತು. ಮಳೆಗಾಲ ಬಂತೆಂದರೆ ಜ್ವರ, ಉಬ್ಬಸ, ಪಕ್ಕೆ ಒಳಕ್ಕೆ ಸೆಳೆಯುವುದು. ನ್ಯುಮೋನಿಯಾ ಎಂದು ಔಷಧಿ ಕೊಟ್ಟರು, ವಾಸಿಯಾಯಿತು, ಮತ್ತೆ ಬಂತು. ಮೂರು ವರ್ಷ ತುಂಬುವ ಹೊತ್ತಿಗೆ ಬ್ಯಾಂಕಿನಲ್ಲಿ ಯಾರೋ ಒಬ್ಬ ದೊಡ್ಡ ಡಾಕ್ಟರ ಹೆಸರು ಹೇಳಿದರು. ಹೊರದೇಶದಲ್ಲಿ ಓದಿ ಬಂದವರು, ಮನೆಯಲ್ಲೇ ದವಾಖಾನೆ, ವರಾಂಡದಲ್ಲಿ ಯಾವಾಗಲೂ ಜನ. ಅವರು ಎಕ್ಸ್‌ರೇ ತೆಗೆಸಿಕೊಂಡು ಬನ್ನಿ ಎಂದರು. ತೆಗೆಸಿಕೊಂಡು ಹೋದೆವು.

ಆ ದಿನ ನನ್ನ ಕಣ್ಣಿಗೆ ಕಟ್ಟಿದಂತಿದೆ. ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹುಬ್ಬು ಗಂಟಿಕ್ಕಿದರು. ಏನೋ ಗೊಣಗಿದರು. ಆಮೇಲೆ, ಹಿಂದುಮುಂದಾಗಿ ಮಡಚಿಟ್ಟ ಬಟ್ಟೆಯನ್ನು ಸರಿಮಾಡುವಷ್ಟೇ ಸಲೀಸಾಗಿ ಫಿಲ್ಮನ್ನು ತಿರುಗಿಸಿ ಹಿಡಿದು ಓದತೊಡಗಿದರು.

"ಏನಂತೆ?" ಎಂದು ಪಕ್ಕದಲ್ಲಿದ್ದ ನಮ್ಮವರನ್ನು ಕೇಳಿದೆ.

"ಎಕ್ಸ್‌ರೇ ತೆಗೆಯೋನು ಎಡಬಲದ ಗುರುತು ತಪ್ಪಾಗಿ ಇಟ್ಟಿದಾನಂತೆ. ಹೃದಯ ಬಲಗಡೆ ಬಂದ್ಬಿಟ್ಟಿದೆ. ಅವನನ್ನ ಬೈತಿದಾರೆ."

"ಅವನದೇನೂ ತಪ್ಪಿಲ್ಲ. ಇವಳಿಗೆ ಬಡಿಯೋದೇ ಬಲಗಡೆ. ಹೇಳಿ ಅವರಿಗೆ."

"ಹೇಳ್ತೀನಿ, ಸುಮ್ನಿರು."

ನಮ್ಮವರ ಮನೆಯಲ್ಲಿ ಒಂದು ರೂಢಿಯಿತ್ತು. ದೊಡ್ಡವರ ಮುಂದೆ, ಹೆಚ್ಚು ಓದಿದವರ ಮುಂದೆ, ಕೇಳಿದ್ದಕ್ಕಷ್ಟೇ ಉತ್ತರ. ಕೇಳದೆ ಬಾಯಿ ಬಿಟ್ಟರೆ ಅದು ಅಧಿಕಪ್ರಸಂಗ. ಇವರ ತಂದೆ ಮಕ್ಕಳನ್ನು ಹಾಗೇ ಬೆಳೆಸಿದ್ದರು. ಅದರ ಮೇಲೆ ಬ್ಯಾಂಕಿನ ಅಭ್ಯಾಸ ಬೇರೆ. ಕೆಳಗಿನವರು ಬರೆದು ತಂದದ್ದರಲ್ಲಿ ಅನಗತ್ಯವಾದದ್ದನ್ನು ಹೊಡೆದುಹಾಕಿ ಮೇಲಿನವರಿಗೆ ಕಳಿಸುವುದೇ ಇವರ ದಿನದ ಕೆಲಸ. ಮನೆಯಲ್ಲಿ ನನ್ನ ಮಾತಿಗೂ ಅದೇ ಗತಿಯಾಗುತ್ತಿತ್ತು. ಅಂಗಡಿಯಲ್ಲಿ, ಮನೆ ಮಾಲೀಕರ ಹತ್ತಿರ, ಡಾಕ್ಟರ ಹತ್ತಿರ, ನಾನು ಹತ್ತು ಮಾತು ಹೇಳಿದರೆ ಇವರು ಎರಡನ್ನು ಇಂಗ್ಲಿಷಿಗೆ ದಾಟಿಸುತ್ತಿದ್ದರು. ಯಾವ ಎರಡು ಎಂಬುದನ್ನು ಅವರೇ ಆರಿಸುತ್ತಿದ್ದರು.

ಆ ದಿನವೂ ಇವರು ಇಂಗ್ಲಿಷಿನಲ್ಲಿ ಮಾತಾಡಿದರು. ಕೆಮ್ಮು, ಜ್ವರ, ಊಟ ಸೇರದಿರುವುದು, ಎಲ್ಲ ಹೇಳಿದರು. ನಾನು ಕಿವಿಗೊಟ್ಟು ಕಾದೆ. ಬಲಗಡೆ ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಡಾಕ್ಟರು ಸ್ಟೆತಾಸ್ಕೋಪನ್ನು ಅಳುವ ಮಗುವಿನ ಅಂಗಿಯ ಮೇಲೆಯೇ ಅಲ್ಲಿ ಇಲ್ಲಿ ಇಟ್ಟು ತೆಗೆದರು. ಎಡ ಶ್ವಾಸಕೋಶದಲ್ಲಿ ಕಲೆಯಿದೆ, ಕ್ಷಯದ ಮೊದಲ ಹಂತ, ಪ್ರೈಮರಿ ಕಾಂಪ್ಲೆಕ್ಸ್ ಎಂದರು.

ಬಸ್ ನಿಲ್ದಾಣದಲ್ಲಿ ಕೇಳಿದೆ: "ಯಾಕೆ ಹೇಳ್ಲಿಲ್ಲ?"

"ಅವರು ಫಾರಿನ್ನಲ್ಲಿ ಓದಿ ಬಂದೋರು. ಹೃದಯ ಯಾವ ಕಡೆ ಇದೆ ಅಂತ ಅವರಿಗೆ ನಾವು ಹೇಳಿಕೊಡೋದಾ? ಚೆನ್ನಾಗಿರತ್ತಾ?"

ಚೆನ್ನಾಗಿರುತ್ತಾ ಎಂದು ಕೇಳಿದರು. ಆ ಮಾತು ನೆನಪಾದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಮಗುವಿನ ಎದೆಯೊಳಗೆ ಏನಿದೆ ಎಂಬುದಕ್ಕಿಂತ ಡಾಕ್ಟರ ಮುಂದೆ ನಾವು ಹೇಗೆ ಕಾಣುತ್ತೇವೆ ಎಂಬುದು ಇವರಿಗೆ ದೊಡ್ಡದಾಗಿತ್ತು.

ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್ ಶುರುವಾಯಿತು. ಕಾಂಪೌಂಡರ್ ಒಬ್ಬರು ಬೆಳಿಗ್ಗೆ ಸೈಕಲ್ಲಿನಲ್ಲಿ ಬರುತ್ತಿದ್ದರು. ಗಾಜಿನ ಸಿರಿಂಜನ್ನು ನಾನೇ ಪಾತ್ರೆಯಲ್ಲಿ ಕುದಿಸಿಡಬೇಕು. ಸೈಕಲ್ಲಿನ ಗಂಟೆ ಕೇಳಿದ ಕೂಡಲೇ ಮಗಳು ಮಂಚದ ಕೆಳಗೆ ತೂರಿಕೊಳ್ಳುತ್ತಿದ್ದಳು. ಎಳೆದು ತಂದು ಬೋರಲು ಮಲಗಿಸಿ ಹಿಡಿದುಕೊಳ್ಳುವುದು ನನ್ನ ಕೆಲಸ. ನಮ್ಮವರು ಆ ಹೊತ್ತಿಗೆ ಸರಿಯಾಗಿ ಸ್ನಾನಕ್ಕೆ ಹೋಗುತ್ತಿದ್ದರು. ಪುಟ್ಟ ಸೊಂಟದ ಎರಡೂ ಕಡೆ ಗಂಟು ಕಟ್ಟಿಕೊಂಡು, ಮಗು ಕೂರುವಾಗ ಒಂದು ಪಕ್ಕಕ್ಕೆ ವಾಲಿ ಕೂರುತ್ತಿತ್ತು. ತಿಂಗಳುಗಟ್ಟಲೆ ಹೀಗೆ ನಡೆಯಿತು. ಮೊದಲು ದಿನವೂ, ಆಮೇಲೆ ದಿನ ಬಿಟ್ಟು ದಿನ.

ಕ್ಷಯ ಎಂಬ ಸುದ್ದಿ ಊರಿಗೆ ಹೋಗಬಾರದೆಂದು ನಮ್ಮವರ ಕಟ್ಟಪ್ಪಣೆಯಾಯಿತು. ಊರಿಗೆ ಹೋಗಲಿಲ್ಲ, ಆದರೆ ಕೊಚ್ಚಿಯ ಕನ್ನಡದವರಿಗೆಲ್ಲ ಹೇಗೋ ಗೊತ್ತಾಯಿತು. ಬ್ಯಾಂಕಿನವರು, ಕೇಂದ್ರ ಸರ್ಕಾರದ ಆಫೀಸಿನವರು ಎಂದು ಹತ್ತಾರು ಮನೆಗಳ ನಾವು ಹಬ್ಬಕ್ಕೆ, ಭಾನುವಾರಕ್ಕೆ ಒಬ್ಬರ ಮನೆಯಲ್ಲಿ ಒಬ್ಬರು ಸೇರುತ್ತಿದ್ದೆವು. ಯುಗಾದಿಗೆ ಹೋದಾಗ ಒಬ್ಬಾಕೆ ನನ್ನ ಮಗಳ ಪಕ್ಕದಲ್ಲಿ ಕುಳಿತಿದ್ದ ತನ್ನ ಮಗುವನ್ನು ನಗುನಗುತ್ತಲೇ ಎತ್ತಿಕೊಂಡು ಆಚೆ ಕೂರಿಸಿದಳು. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ನಾನು ಮಗಳನ್ನು ಎತ್ತಿಕೊಂಡು ಎದ್ದೆ.

ಮಗುವನ್ನು ಹಾಗೆ ದೂರ ಮಾಡದೇ ಇದ್ದವರೆಂದರೆ ಪಕ್ಕದ ಮನೆಯ ಚೇಚಿ. ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವರು, ಗಂಡ ಹಡಗಿನಲ್ಲಿ, ಮಕ್ಕಳು ಹಾಸ್ಟೆಲಿನಲ್ಲಿ. ನನಗೆ ಮಲಯಾಳ ಕಲಿಸಿದವರು ಅವರೇ. ಡಾಕ್ಟರು ಮೊಟ್ಟೆ ಕೊಡಿ ಎಂದಾಗ ನಮ್ಮವರು ಅದನ್ನೂ ನನಗೆ ಹೇಳದೆ ಹೊಡೆದುಹಾಕಿದ್ದರು. ಕಾಂಪೌಂಡರ್ ಬಾಯಿಂದ ತಿಳಿದ ಮೇಲೆ ಮಗಳನ್ನು ಚೇಚಿಯ ಅಡುಗೆಮನೆಗೆ ಕಳಿಸಿದೆ. ದಿನವೂ ಅರೆಬೆಂದ ಮೊಟ್ಟೆ ತಿಂದು ಬರುತ್ತಿದ್ದಳು. ನಮ್ಮವರ ಹೊಟ್ಟೆಗೇನೂ ಅದು ಹೋಗಲಿಲ್ಲವಲ್ಲ, ಅವರಿಗೇಕೆ ಹೇಳಬೇಕು?

ಮಗಳೊಂದಿಗೆ ಮಾತಾಡುವಾಗ ಚೇಚಿ ಅವಳ ಗಲ್ಲದ ಕೆಳಗೆ ಎರಡು ಬೆರಳಿಟ್ಟು ಮುಖ ಎತ್ತಿ ಹಿಡಿದುಕೊಳ್ಳುತ್ತಿದ್ದರು. "ಮೋಳೇ, ಇಂಗೋಟು ನೋಕ್ಕಿಯೇ" ಎಂದರೆ ಇತ್ತ ನೋಡು ಮಗಳೇ ಎಂದು. ಆಮೇಲೆಯೇ ಮುಂದಿನ ಮಾತು. ಅದು ಅವರ ಪ್ರೀತಿಯ ರೀತಿ, ಅಷ್ಟೇ ಎಂದುಕೊಂಡಿದ್ದೆ. ಎಲ್ಲ ಮಕ್ಕಳಿಗೂ ಹಾಗೇ ಮಾಡುತ್ತಿದ್ದರು.

ಇಂಜೆಕ್ಷನ್ ಕೊಡುವ ಕಾಲದಲ್ಲೇ ಮಗಳು ಗೋಡೆ ಹಿಡಿದು ನಡೆಯತೊಡಗಿದಳು. ಓಡಿದರೆ ತೂರಾಡಿ ಬೀಳುತ್ತಿದ್ದಳು. ಡಾಕ್ಟರು ನಿಶ್ಶಕ್ತಿ ಎಂದರು, ಟಾನಿಕ್ ಬರೆದರು, ಇಂಜೆಕ್ಷನ್ ಮುಂದುವರಿಸಿ ಎಂದರು. ಅದೂ ಮುಗಿಯಿತು. ನಡಿಗೆ ನಿಧಾನವಾಗಿ ಸರಿಯಾಯಿತು. ಎಕ್ಸ್‌ರೇಯಲ್ಲಿ ಮಾತ್ರ ಕಲೆ ಹಾಗೇ ಇತ್ತು. ಅದು ವಾಸಿಯಾದ ಗಾಯದ ಗುರುತು ಎಂದರು. ಆ ಫಿಲ್ಮನ್ನೂ ಅವರು ತಿರುಗಿಸಿಯೇ ಹಿಡಿದಿದ್ದರು. ಈ ಸಲ ಬೈಯುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ನಮ್ಮ ರಸ್ತೆಯಲ್ಲಿ ಸೈಕಲ್ಲಿನಲ್ಲಿ ಮೀನು ಮಾರುವವನೊಬ್ಬ ಬರುತ್ತಿದ್ದ. ದೂರದಿಂದಲೇ ಸಣ್ಣ ಧ್ವನಿಯಲ್ಲಿ "ಕೂಯ್" ಎಂದು ಕೂಗುತ್ತಿದ್ದ. ಅವನ ಹಿಂದೆ ಓಣಿಯ ಬೆಕ್ಕುಗಳೆಲ್ಲ ಬರುತ್ತಿದ್ದವು. ಬೆಕ್ಕು ನೋಡಲು ಮಗಳು ಬಾಗಿಲಿಗೆ ಓಡುತ್ತಿದ್ದಳು. ಯಾವಾಗಿನಿಂದಲೋ ಓಡುವುದನ್ನು ಬಿಟ್ಟಳು. ಬೆಕ್ಕಿನ ಹುಚ್ಚು ಬಿಟ್ಟಿತು ಎಂದುಕೊಂಡೆವು. ಕಾಂಪೌಂಡರ್ ಸೈಕಲ್ಲಿನ ಗಂಟೆಗೂ ಕೊನೆಕೊನೆಗೆ ಅವಳು ಮಂಚದ ಕೆಳಗೆ ತೂರುತ್ತಿರಲಿಲ್ಲ. ಧೈರ್ಯ ಬಂತು ಎಂದು ನಮ್ಮವರು ಬೆನ್ನು ತಟ್ಟಿದ್ದರು.

ಆಮೇಲೆ ಕರೆದರೆ ಓಗೊಡದಿರುವುದು ಶುರುವಾಯಿತು. ಅಡುಗೆಮನೆಯಿಂದ ನಾನು ಕೂಗುತ್ತಿದ್ದೆ, ಅವಳು ತನ್ನ ಪಾಡಿಗೆ ಆಡುತ್ತಿದ್ದಳು. ಅಪ್ಪನನ್ನು ನಮ್ಮ ಕಡೆಯವರಂತೆ ಅಣ್ಣ ಎಂದು ಕರೆಯುತ್ತಿದ್ದಳು. ಅಣ್ಣ ದಪ್ಪ ಧ್ವನಿಯಲ್ಲಿ ಕರೆದರೆ ತಿರುಗುತ್ತಿದ್ದಳು, ನನ್ನ ಧ್ವನಿಗೆ ತಿರುಗುತ್ತಿರಲಿಲ್ಲ. ಹೆತ್ತವಳು ನಾನು, ಹಿಡಿದು ಇಂಜೆಕ್ಷನ್ ಕೊಡಿಸಿದವಳೂ ನಾನೇ. ಆ ಸಿಟ್ಟು ಮಗುವಿಗೆ ಇನ್ನೂ ಹೋಗಿಲ್ಲ ಎಂದು ಒಳಗೊಳಗೇ ಅತ್ತೆ. ಮಾತೂ ಕೆಟ್ಟಿತು. ಸೀರೆ, ಶಂಖ, ಚಮಚ ಎನ್ನುವಾಗ ಮೊದಲ ಅಕ್ಷರ ನುಂಗುತ್ತಿದ್ದಳು.

ಇಲ್ಲಿ ನಾವು ಮಾಡಿದ ತಪ್ಪು ನಮ್ಮಂಥವರು ಮಾತ್ರ ಮಾಡಬಹುದಾದದ್ದು. ತಮ್ಮ ಊರಿನಲ್ಲಿ, ತಮ್ಮ ಭಾಷೆಯವರ ನಡುವೆ ಇರುವ ತಂದೆತಾಯಿ ಮಗು ಓಗೊಡದಿದ್ದರೆ ಕಿವಿ ನೋಡುತ್ತಿದ್ದರು. ನಾವು ಮಲಯಾಳವನ್ನು ಬೈದೆವು. ಕನ್ನಡದವರು ಸೇರಿದಲ್ಲೆಲ್ಲ ಆಗ ಅದೇ ಗೋಳು. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ ಕೊಡುತ್ತವೆ, ಇನ್ನು ಕೆಲವು ಕನ್ನಡ ಕೇಳಿದರೆ ಕೇಳದ ಹಾಗೆ ಇರುತ್ತವೆ ಎಂದು ಎಲ್ಲ ತಾಯಂದಿರೂ ಹೇಳಿಕೊಳ್ಳುತ್ತಿದ್ದರು. ಒಂದು ಭಾನುವಾರ ನನ್ನ ಮಗಳನ್ನು ಯಾರೋ ಹಿಂದಿನಿಂದ ಎರಡು ಸಲ ಕರೆದರು. ಅವಳು ತಿರುಗಲಿಲ್ಲ.

"ಮುಗೀತು. ನಿಮ್ಮ ಮಗಳು ಪೂರಾ ಮಲಯಾಳಿ ಆಗ್ಬಿಟ್ಳು ಬಿಡಿ," ಎಂದು ಆಕೆ ನಕ್ಕರು. ಎಲ್ಲರೂ ನಕ್ಕರು.

ನಮ್ಮವರಿಗೆ ಅದು ಅವಮಾನವಾಯಿತು. ಮನೆಗೆ ಬಂದವರೇ, "ಇನ್ಮೇಲೆ ಇವಳು ಪಕ್ಕದ ಮನೆಗೆ ಹೋಗೋದು ಬೇಡ. ಮನೇಲಿ ಕನ್ನಡ ಮಾತ್ರ," ಎಂದರು. ನಾನು ಜಗಳವಾಡಿದೆ, ಇವರು ಬಗ್ಗಲಿಲ್ಲ. ತಾವು ಸಂಜೆ ಪೇಪರು ಮುಂದೆ ಹಿಡಿದುಕೊಂಡು ಅದರ ಹಿಂದಿನಿಂದ ಮಗಳಿಗೆ ಕನ್ನಡ ಕಲಿಸಿದರು. ಪೇಪರಿನ ಹಿಂದೆ ಅವರ ಬಾಯಿ ಅವಳಿಗೆ ಕಾಣುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಮುಖ ಎತ್ತಿ ಹಿಡಿದು ಮಾತಾಡುತ್ತಿದ್ದ ಒಬ್ಬರನ್ನೂ ನಾವು ಅವಳಿಂದ ತಪ್ಪಿಸಿದ್ದೆವು. ಬೇಲಿಯಾಚೆ ಚೇಚಿ ನಿಂತರೆ ಮಗಳು ಅಪ್ಪನತ್ತ ಒಮ್ಮೆ ನೋಡಿ ಒಳಗೆ ಬರುತ್ತಿದ್ದಳು.

ಎಪ್ಪತ್ತರ ದಶಕ ಶುರುವಾದ ಮೇಲೆ ತಿರುವನಂತಪುರಕ್ಕೆ ವರ್ಗವಾಯಿತು. ಹೊಸ ಮನೆ, ಹೊಸ ಶಾಲೆ. ವಿಳಿಂಜಂನಿಂದ ಮೀನಿನ ಬುಟ್ಟಿ ಹೊತ್ತು ಬರುವ ಹೆಂಗಸರು ನಮ್ಮ ಗೇಟಿನ ಮುಂದೆ ಎಷ್ಟು ಕೂಗಿದರೂ ಮಗಳು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಶಾಲೆಯಲ್ಲಿ ಮಂದಬುದ್ಧಿ ಎಂದರು. ಮಂದಬುದ್ಧಿಯಂತೆ. ಬರೆದದ್ದನ್ನು ಒಮ್ಮೆ ನೋಡಿದರೆ ಮರೆಯದ ಹುಡುಗಿ ಅವಳು.

ಒಂಬತ್ತು ಹತ್ತು ವಯಸ್ಸಿಗೆ ಅವಳಿಗೆ ಮತ್ತೆ ಜ್ವರ, ಕೆಮ್ಮು. ಮಹಡಿ ಹತ್ತಿದರೆ ಏದುಸಿರು. ಆ ವೇಳೆಗೆ ತಿರುವನಂತಪುರದ ಒಂದು ಆಸ್ಪತ್ರೆಯಲ್ಲಿ ಹೃದಯದ ಕಾಯಿಲೆಗೆಂದೇ ಪ್ರತ್ಯೇಕ ವಿಭಾಗ ಶುರುವಾಗಿತ್ತು. ಹಳೆಯ ಫಿಲ್ಮುಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದುಕೊಂಡು ಅಲ್ಲಿಗೆ ಹೋದೆವು. ನೋಡಿದವರು ಒಬ್ಬ ಡಾಕ್ಟರಮ್ಮ. ಸಿಡುಕು ಮುಖ, ಬೆಳಗಿನಿಂದ ಕುಳಿತು ಬೇಸತ್ತವರಂತೆ ಕಂಡರು. ನಮ್ಮವರು ಟೈ ಸರಿಮಾಡಿಕೊಂಡು ಇಂಗ್ಲಿಷು ಶುರುಮಾಡುವ ಮೊದಲೇ ನಾನು ಮುಂದೆ ಹೋಗಿ ನಿಂತೆ.

"ವಲದುವಶತ್ತಾಣ್ ಮಿಡಿಕ್ಕುನ್ನದ್, ಡಾಕ್ಟರೇ," ಎಂದೆ. ಬಡಿಯುವುದು ಬಲಗಡೆ ಎಂದು. ಚೇಚಿ ಕಲಿಸಿದ ಮಲಯಾಳದಲ್ಲಿ ಆ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದೆ.

ನಮ್ಮವರು ನನ್ನ ತೋಳು ಹಿಡಿದೆಳೆದರು. ಡಾಕ್ಟರಮ್ಮ ಅದನ್ನು ನೋಡಲೂ ಇಲ್ಲ. ಮಗಳ ಅಂಗಿ ಸರಿಸಿ ಬಲಗಡೆ ಅಂಗೈ ಇಟ್ಟರು. ಆಮೇಲೆ ಎಡಗಡೆ. ಮತ್ತೆ ಬಲಗಡೆ. ಫಿಲ್ಮುಗಳನ್ನು ಒಂದೊಂದಾಗಿ ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಯಾವುದನ್ನೂ ತಿರುಗಿಸಲಿಲ್ಲ.

ಅಂದು, ಮತ್ತು ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ಹಾಯಿಸಿ ಪರೀಕ್ಷೆ ಮಾಡಿದ ಮೇಲೆ, ಅವರು ನನಗೆ ವಿವರಿಸಿದ್ದು ಇಷ್ಟು. ಶ್ವಾಸಕೋಶದಲ್ಲಿ ಶುದ್ಧವಾದ ರಕ್ತ ಹೃದಯದ ಎಡಭಾಗಕ್ಕೆ ಬರಬೇಕು. ಇವಳ ಬಲ ಶ್ವಾಸಕೋಶದ ರಕ್ತನಾಳ ಹುಟ್ಟಿನಿಂದಲೇ ದಾರಿ ತಪ್ಪಿ ಕೆಳಗಿಳಿದು, ಹೊಟ್ಟೆಯ ಕಡೆಯಿಂದ ಬರುವ ದೊಡ್ಡ ನಾಳಕ್ಕೆ ಸೇರಿಕೊಂಡಿದೆ. ಆ ಶ್ವಾಸಕೋಶ ಸರಿಯಾಗಿ ಬೆಳೆದಿಲ್ಲ, ಚಿಕ್ಕದು. ಅಲ್ಲಿ ಖಾಲಿಯಾದ ಜಾಗಕ್ಕೆ ಹೃದಯ ಸರಿದುಕೊಂಡಿದೆ. ಬಹಳ ಅಪರೂಪ. ಫಿಲ್ಮಿನಲ್ಲಿ ಆ ನಾಳದ ನೆರಳು ಬಾಗಿದ ಖಡ್ಗದಂತೆ ಕಾಣುತ್ತದೆಂದು ಇಂಗ್ಲಿಷಿನಲ್ಲಿ ಕಾಯಿಲೆಗೂ ಅದೇ ಹೆಸರಂತೆ. ನಾನು ನೋಡಿದೆ. ನನಗೆ ಈಳಿಗೆಮಣೆಯ ಅಲಗು ಕಂಡಿತು. ಮೊದಲನೆಯ ಫಿಲ್ಮಿನಲ್ಲೂ ಅದು ಇತ್ತು, ಮಸುಕಾಗಿ. ಕಣ್ಣಿದ್ದವರಿಗೆ ಅಂದೇ ಕಾಣುತ್ತಿತ್ತು.

"ಕ್ಷಯ?" ಎಂದು ಕೇಳಿದೆ.

"ಕ್ಷಯ ಇತ್ತು ಅನ್ನೋದಕ್ಕೆ ಏನೂ ಕಾಣ್ತಿಲ್ಲ," ಎಂದರು. ಕಲೆ ಎಂದದ್ದು ಬೆಳೆಯದ ಶ್ವಾಸಕೋಶದ ನೆರಳು. ಫಿಲ್ಮು ತಿರುಗಿಸಿದ್ದರಿಂದ ಅದು ಎಡಗಡೆಗೆ ಹೋಗಿತ್ತು. ಆಕೆ ಫಿಲ್ಮಿನ ಮೂಲೆ ತೋರಿಸಿದರು. ಅಲ್ಲಿ ಬಲಗಡೆಯ ಗುರುತಿಗೆಂದು ಇಟ್ಟ ಇಂಗ್ಲಿಷ್ ಅಕ್ಷರ ನೆಟ್ಟಗೆ ಇತ್ತು. ಆಮೇಲೆ ಫಿಲ್ಮನ್ನು, ಕೊಚ್ಚಿಯ ಡಾಕ್ಟರು ಹಿಡಿದಿದ್ದರೆಂದು ನಾನು ಹೇಳಿದ ಹಾಗೆ, ತಿರುಗಿಸಿ ತೋರಿಸಿದರು. ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಚಿಕೊಂಡಿತು. ಒಂದನೆಯ ತರಗತಿಯ ಮಗುವೂ ಅದು ಸರಿಯಿಲ್ಲ ಎನ್ನುತ್ತಿತ್ತು. ಹೊರದೇಶದಲ್ಲಿ ಓದಿ ಬಂದವರು ತಿರುಚಿದ ಅಕ್ಷರವನ್ನೇ ಕಣ್ಣೆದುರು ಇಟ್ಟುಕೊಂಡು, ಎಕ್ಸ್‌ರೇ ತೆಗೆದವನನ್ನು ಬೈದಿದ್ದರು.

ಮಗಳು ಉಳಿಯುತ್ತಾಳೆಯೇ ಎಂದು ಕೇಳಿದೆ. ಡಾಕ್ಟರಮ್ಮ ಸುತ್ತಿಬಳಸಿ ಹೇಳುವವರಲ್ಲ. ಹಾಲುಗೂಸಿನಲ್ಲೇ ಇದು ಜೋರಾಗಿ ಕಾಣಿಸಿಕೊಂಡರೆ ಉಳಿಯುವುದು ಕಷ್ಟ. ಅದನ್ನು ದಾಟಿ ಇಷ್ಟು ಬೆಳೆದ ಮಕ್ಕಳು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತಾರೆ. ಆಪರೇಷನ್ ಇದೆ, ನಾಳದ ದಾರಿಯನ್ನು ಹೃದಯದೊಳಕ್ಕೆ ತಿರುಗಿಸಿ ಹೊಲಿಯುತ್ತಾರೆ. ಹೊಲಿದ ದಾರಿ ಆಮೇಲೆ ಕಟ್ಟಿಕೊಳ್ಳುವುದೂ ಉಂಟು. ಇವಳ ಶ್ವಾಸಕೋಶದಲ್ಲಿ ರಕ್ತದ ಒತ್ತಡ ಏರಿಲ್ಲ. ತಪ್ಪು ದಾರಿಯಲ್ಲಿ ಹೋಗುತ್ತಿರುವ ರಕ್ತವೂ ಕಡಿಮೆಯೇ. ಕೆಮ್ಮು ಬಂದರೆ ಕೆಮ್ಮಿಗೆ ಔಷಧಿ ಕೊಡೋಣ, ವರ್ಷಕ್ಕೊಮ್ಮೆ ನೋಡೋಣ, ಕತ್ತಿ ಹಾಕುವುದು ಬೇಡ ಎಂದರು.

ನಮ್ಮವರು ಕಣ್ಣೀರು ಒರೆಸಿಕೊಂಡರು. ನನಗೂ ಅಳು ಬಂತು. ಆ ಗಳಿಗೆಯಲ್ಲಿ ನಾನು ಎಲ್ಲರನ್ನೂ ಕ್ಷಮಿಸಿಬಿಡುತ್ತಿದ್ದೆನೇನೋ.

ಡಾಕ್ಟರಮ್ಮ ಕೈ ತೊಳೆಯುತ್ತ ಮಗಳ ಬೆನ್ನ ಹಿಂದಿನಿಂದ ಮಲಯಾಳದಲ್ಲಿ, ಇನ್ನು ಅಂಗಿ ಹಾಕಿಕೋ ಎಂದರು. ಮಗಳು ಹಾಗೇ ಕುಳಿತಿದ್ದಳು. ಇನ್ನೊಮ್ಮೆ ಹೇಳಿದರು. ನಮ್ಮವರು ನಕ್ಕು, ಮನೆಯಲ್ಲಿ ನಾವು ಕನ್ನಡ ಮಾತ್ರ ಆಡುವುದು ಎಂದರು. ಆಕೆ ನಗಲಿಲ್ಲ. ಮಗಳ ಹಿಂದೆ ನಿಂತು ಪಿಸುಗುಟ್ಟಿದರು, ಚಿಟಿಕೆ ಹೊಡೆದರು, ಕೀಲಿಕೈ ಗೊಂಚಲು ಅಲ್ಲಾಡಿಸಿದರು. ಮಗಳು ಎದುರಿನ ಗೋಡೆಯನ್ನು ನೋಡುತ್ತ ಕಾಲು ಆಡಿಸುತ್ತಿದ್ದಳು.

"ಆ ಕ್ಷಯಕ್ಕೆ ಏನು ಇಂಜೆಕ್ಷನ್ ಕೊಟ್ರು? ಎಷ್ಟು ಕಾಲ?"

ನಾನು ಹೇಳಿದೆ. ಡಾಕ್ಟರಮ್ಮ ಕುರ್ಚಿಯಲ್ಲಿ ಕುಳಿತರು. ಆ ಔಷಧಿ ಕೆಲವರ ಕಿವಿಯ ನರಗಳನ್ನು ಸುಡುತ್ತದೆ, ತೂರಾಡುವುದೇ ಅದರ ಮೊದಲ ಎಚ್ಚರಿಕೆ, ಆಗಲೇ ನಿಲ್ಲಿಸಬೇಕಿತ್ತು ಎಂದರು. ಕಿವಿಯ ವಿಭಾಗದಲ್ಲಿ ಯಂತ್ರವಿಟ್ಟು ನೋಡಿದಾಗ ಅದೇ ನಿಜವಾಯಿತು. ದಪ್ಪ ಧ್ವನಿ ಅಷ್ಟಿಷ್ಟು ಕೇಳುತ್ತದೆ. ಹೆಂಗಸರ ಧ್ವನಿ, ಮಕ್ಕಳ ಧ್ವನಿ, ಸಣ್ಣ ಸದ್ದು ಯಾವುದೂ ಕೇಳುವುದಿಲ್ಲ. ಹೋದದ್ದು ಮತ್ತೆ ಬರುವುದಿಲ್ಲ. ಇಷ್ಟು ವರ್ಷ ಅವಳು ತುಟಿ ನೋಡಿ ನಮ್ಮ ಜೊತೆ ಬಾಳಿದ್ದಳು. ಹುಟ್ಟಿನಿಂದ ಬಂದ ತೊಂದರೆಗೆ ಚಿಕಿತ್ಸೆಯೇ ಬೇಕಿರಲಿಲ್ಲ. ಇಲ್ಲದ ಕಾಯಿಲೆಯ ಚಿಕಿತ್ಸೆ ಅವಳ ಕಿವಿಯನ್ನು ತಿಂದಿತ್ತು, ನಾನು ಕುದಿಸಿಕೊಟ್ಟ ಸಿರಿಂಜಿನಿಂದ.

ಕೊಚ್ಚಿಗೆ ಹೋಗುತ್ತೇನೆ ಎಂದೆ. ನಮ್ಮವರು, "ಈಗ ಹೋಗಿ ಏನು ಮಾಡೋದು? ಕಿವಿ ವಾಪಸ್ ಬರತ್ತಾ?" ಎಂದರು. ಬರುವುದಿಲ್ಲ, ನನಗೂ ಗೊತ್ತು, ಆದರೂ ಹೋಗುತ್ತೇನೆ ಎಂದೆ. ಕೊನೆಗೆ ಅವರೂ ಬಂದರು. ನನ್ನ ಬಾಯಿಗೆ ಹೆದರಿ ಬಂದರೋ, ನಾನಲ್ಲಿ ರಂಪ ಮಾಡುತ್ತೇನೆಂದು ಹೆದರಿ ಬಂದರೋ, ಕೇಳಲಿಲ್ಲ.

ಅದೇ ವರಾಂಡ, ಅದೇ ಕಿಟಕಿ. ಡಾಕ್ಟರ ತಲೆ ನರೆತಿತ್ತು. ನಮ್ಮ ಗುರುತು ಹತ್ತಲಿಲ್ಲ. ನಾನು ಏನೂ ಹೇಳದೆ ಹಳೆಯ ಫಿಲ್ಮನ್ನು ಅವರ ಕೈಗೆ ಕೊಟ್ಟೆ. ಅವರು ಕಿಟಕಿಗೆ ಹಿಡಿದರು, ಹುಬ್ಬು ಗಂಟಿಕ್ಕಿದರು, ತಿರುಗಿಸಿ ಹಿಡಿದರು.

ನಾನು ಕೈಚಾಚಿ ಫಿಲ್ಮು ಕಿತ್ತುಕೊಂಡು, ಸರಿಯಾಗಿ ತಿರುಗಿಸಿ, ಅವರ ಕಣ್ಣ ಮುಂದೆ ಹಿಡಿದೆ. ಎಲ್ಲವನ್ನೂ ಹೇಳಿದೆ, ಮಲಯಾಳದಲ್ಲಿ, ತಪ್ಪುತಪ್ಪಾಗಿ, ಗಟ್ಟಿಯಾಗಿ. ವರಾಂಡದ ಜನ ಬಾಗಿಲಿಗೆ ಬಂದು ನಿಂತರು. ಡಾಕ್ಟರು ಫಿಲ್ಮನ್ನು ಬಹಳ ಹೊತ್ತು ನೋಡಿದರು. ಆ ಕಾಲದಲ್ಲಿ ಎಲ್ಲರೂ ಅದೇ ಔಷಧಿ ಕೊಡುತ್ತಿದ್ದರು ಎಂದರು. ಜೀವ ಉಳಿಯಿತಲ್ಲ ಎಂದರು. ಕೊನೆಗೆ ನಮ್ಮವರ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಹೃದಯ ಬಲಗಡೆ ಇದೆ ಅಂತ ನಿಮಗೆ ಗೊತ್ತಿದ್ದರೆ ಅವತ್ತೇ ಒಂದು ಮಾತು ನನಗೆ ಹೇಳಬೇಕಾಗಿತ್ತಲ್ಲ?" ಎಂದು ಕೇಳಿದರು.

ಅಷ್ಟು ಇಂಗ್ಲಿಷು ನನಗೆ ತಿಳಿಯುತ್ತಿತ್ತು. ನಾನು ನಮ್ಮವರನ್ನು ನೋಡಿದೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಮನುಷ್ಯ, ಈಗ ನೇರವಾಗಿ ಕೇಳಿದರೂ ಬಾಯಿ ಬಿಡಲಿಲ್ಲ.

ಹೊರಗೆ ಬಂದೆವು. ರಸ್ತೆಯ ಬದಿಯಲ್ಲಿ ಮಗಳು ನನ್ನ ಸೆರಗು ಜಗ್ಗಿ, ತನ್ನ ಗಟ್ಟಿ ಧ್ವನಿಯಲ್ಲಿ ಕೇಳಿದಳು: "ಅಮ್ಮ, ಡಾಕ್ಟ್ರು ಅಣ್ಣಂಗೆ ಏನ್ ಕೇಳಿದ್ರು?"

"ಏನಿಲ್ಲ ಪುಟ್ಟಿ," ಎಂದರು ನಮ್ಮವರು.

ನಾನು ಮಣ್ಣಿನಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು, ಅವಳ ಮುಖವನ್ನು ನನ್ನ ಕಡೆ ತಿರುಗಿಸಿಕೊಂಡು, ಕನ್ನಡದಲ್ಲಿ, ನಿಧಾನವಾಗಿ, ಒಂದು ಮಾತೂ ಬಿಡದೆ ಹೇಳಿದೆ. ಬಲಗಡೆಯ ಬಡಿತ, ತಿರುಗಿಸಿ ಹಿಡಿದ ಫಿಲ್ಮು, ಇಂಜೆಕ್ಷನ್, ಕಿವಿ. ಅಂದು ನಾನು ಹೇಳಿ ಎಂದದ್ದು, ಅಣ್ಣ ಹೇಳದೇ ಇದ್ದದ್ದು. ಅವಳು ನನ್ನ ತುಟಿಯಿಂದ ಕಣ್ಣು ಕದಲಿಸಲಿಲ್ಲ. ಮುಗಿದ ಮೇಲೆ ಅಪ್ಪನ ಹತ್ತಿರ ಹೋಗಿ ನಿಂತಳು.

"ಯಾಕೆ ಹೇಳ್ಲಿಲ್ಲ, ಅಣ್ಣ?"

ನಮ್ಮವರು ತಲೆ ತಗ್ಗಿಸಿದರು. ಏನೋ ಹೇಳಿದರು. ಹತ್ತಿರವೇ ಇದ್ದ ನನಗೂ ಅದು ಕೇಳಿಸಲಿಲ್ಲ. ಮಗಳು ಅವರ ಗಲ್ಲದ ಕೆಳಗೆ ಎರಡು ಬೆರಳಿಟ್ಟು, ಚೇಚಿ ಮಾಡುತ್ತಿದ್ದ ಹಾಗೆಯೇ ಮುಖ ಎತ್ತಿ ಹಿಡಿದಳು.

"ಇನ್ನೊಂದ್ಸಲ ಹೇಳಿ," ಎಂದಳು.